ಅಮ್ಮನ ಫೋನಿಗೆ ಬಂದ ಕರೆಯೋಲೆಗಳು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಕಂಪನಿ ಎಂದರೆ ನಾನು ಮತ್ತು ನನ್ನ ಕಾಲೇಜಿನ ಸಹಪಾಠಿ, ಇಬ್ಬರೇ. ಅವನು ವರ್ಕ್‌ಶಾಪಿನ ಯಜಮಾನರ ಮಗ. ಹಾಗಾಗಿ ಅವನು ಡೈರೆಕ್ಟರ್. ಉಳಿದ ಹುದ್ದೆಗಳೆಲ್ಲ ನನ್ನವು. ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಕೆಂಗೇರಿ ಉಪನಗರದಿಂದ ಎರಡು ಬಸ್ಸು ಬದಲಿಸಿ ಬಂದು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಳಗೆ ಕಬ್ಬಿಣ ಕೊಯ್ಯುವ ಸದ್ದು ಶುರುವಾಗಿರುತ್ತಿತ್ತು. ನಾವು ಎಷ್ಟೇ ಕೀಬೋರ್ಡ್ ಕುಟ್ಟಿದರೂ ಕೆಳಗಿನವರಿಗೆ ಕೇಳಿಸುತ್ತಿರಲಿಲ್ಲ. ನಮ್ಮ ಕಷ್ಟಕ್ಕೆಲ್ಲ ಅದೇ ಮೂಲ. ಸದ್ದು ಮಾಡದ್ದನ್ನು ಯಜಮಾನರು ಯಂತ್ರವೆಂದು ಒಪ್ಪುತ್ತಿರಲಿಲ್ಲ.

"ಮೇಲೆ ಏನಮ್ಮ ಮಾಡ್ತೀರಾ ಬೆಳಗಿಂದ ಸಾಯಂಕಾಲದವರೆಗೂ?" ಎಂದು ಕೇಳುತ್ತಿದ್ದರು. "ಪ್ರೋಗ್ರಾಂ ಬರೀತೀವಿ ಸಾರ್" ಎಂದರೆ, "ಬರೆದು ಆದ್ಮೇಲೆ ತೋರ್ಸಿ" ಎಂದು ನಗದೆ ಹೋಗುತ್ತಿದ್ದರು. ಒಬ್ಬ ಅಗರಬತ್ತಿ ಏಜೆನ್ಸಿಯವರು ನಮ್ಮ ರೂಮನ್ನು ಗೋಡೌನಿಗೆ ಕೇಳುತ್ತಿದ್ದರು. ಕೇಳುವುದಷ್ಟೇ ಅಲ್ಲ, ಬಸ್ಸಿನ ಸೀಟಿಗೆ ಟವೆಲ್ ಹಾಕುವಂತೆ ನಾಲ್ಕಾರು ಪೆಟ್ಟಿಗೆಗಳನ್ನು ತಂದು ನಮ್ಮ ಮೂಲೆಯಲ್ಲಿ ಇಟ್ಟೂ ಹೋಗಿದ್ದರು. ಇಡೀ ದಿನ ನಮ್ಮ ಮೂಗಿಗೆ ಮಲ್ಲಿಗೆ ಮತ್ತು ಗಂಧ. ನಮ್ಮ ಕಂಪನಿಗೆ ಬದುಕಿರುವಾಗಲೇ ಊದುಬತ್ತಿ ಹಚ್ಚಿದ ಹಾಗಿತ್ತು.

ನವರಾತ್ರಿಗೆ ಇನ್ನೂ ವಾರವಿರುವಾಗ ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು ತೀರ್ಪು ಹೇಳಿದರು.

"ನೋಡಿ, ಆಯುಧಪೂಜೆಗೆ ನಮಗೆ ಕೆಲಸ ಕೊಡೋ ಪಾರ್ಟಿಗಳನ್ನೆಲ್ಲ ಕರೀಬೇಕು. ಪ್ರತಿ ವರ್ಷ ನಾನೇ ಒಬ್ಬೊಬ್ರಿಗೂ ಫೋನ್ ಹಚ್ಚಿ ಕರೀತೀನಿ. ಈ ವರ್ಷ ನಿಮ್ಮ ಕಂಪ್ಯೂಟರ್ ಕರೀಲಿ. ಅವರು ಬಂದ್ರೆ ರೂಮು ನಿಮ್ದು. ಬರ್ಲಿಲ್ಲ ಅಂದ್ರೆ ಅಗರಬತ್ತಿಯವರದು."

ಮಗ ಆಗಲಿ ಎಂದು ತಲೆಯಾಡಿಸಿದ. ನನಗೆ ಮಾತ್ರ ಹೆದರಿಕೆಯಾಯಿತು. ಇದಕ್ಕೂ ಮೊದಲು ನಾನು ಕೆಲಸ ಮಾಡುತ್ತಿದ್ದ ಕಡೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ವರದಿ ಕಳಿಸುವುದಷ್ಟೇ ನನ್ನ ಪಾಲು. ಒಂದು ಸಾಲನ್ನೂ ನಾನಾಗಿ ಬರೆಯುವ ಹಾಗಿರಲಿಲ್ಲ. ಈ ರೂಮಿನಲ್ಲಿ ಎಲ್ಲ ಸಾಲೂ ನನ್ನದೇ. ಫ್ಯಾನು ಕಟಕಟ ಎನ್ನುತ್ತಿತ್ತು, ಕುರ್ಚಿಯ ಒಂದು ಕಾಲು ಕುಂಟು, ಆದರೂ ಅದು ನನಗೆ ಬೇಕಾಗಿತ್ತು. ಅದು ಹೋದರೆ ಮತ್ತೆ ಆ ಹಳೆಯ ಜಾಗಕ್ಕೇ ಹೋಗಿ ಕೂರಬೇಕೆಂದು ನೆನೆದರೆ ಅಳು ಬರುತ್ತಿತ್ತು.

ನಮ್ಮ ಪ್ರೋಗ್ರಾಂ ಮಾಡುತ್ತಿದ್ದ ಕೆಲಸ ಸರಳ. "ನಮ್ ಜಾಬ್ ರೆಡಿ ಆಯ್ತಾ?" ಎಂದು ಗಿರಾಕಿಗಳು ದಿನವಿಡೀ ಯಜಮಾನರಿಗೆ ಫೋನು ಮಾಡುತ್ತಿದ್ದರು. ಕೆಲಸ ಮುಗಿದ ಕೂಡಲೇ ಕಂಪ್ಯೂಟರೇ ಅವರಿಗೆ ಮೆಸೇಜು ಕಳಿಸಿಬಿಟ್ಟರೆ ಈ ತಾಪತ್ರಯ ತಪ್ಪುತ್ತದೆ. ಅದಕ್ಕೆಂದು ಒಂದು ಹಳೆಯ ಮೊಬೈಲನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಕಟ್ಟಿ ಹಾಕಿದ್ದೆವು, ಗೂಟಕ್ಕೆ ಕರುವನ್ನು ಕಟ್ಟಿದ ಹಾಗೆ.

ಇದನ್ನು ನಾನು ಆಗ ಹೊಸದಾಗಿ ಕಲಿತಿದ್ದ ಒಂದು ಪದ್ಧತಿಯಲ್ಲಿ ಬರೆದಿದ್ದೆ. ಅದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂದು ಹೆಸರು. ಹೆಸರಿಗೆ ಹೆದರಬೇಕಾಗಿಲ್ಲ, ನಮ್ಮ ಮನೆಗಳ ಪೂಜೆ ನೋಡಿದವರಿಗೆಲ್ಲ ಅದು ಗೊತ್ತು. ಮಣೆಯ ಮೇಲೆ ಕೂತವನು ಏನನ್ನೂ ಹುಡುಕಿಕೊಂಡು ಏಳುವುದಿಲ್ಲ. ಕೈ ಚಾಚುತ್ತಾನೆ, ಪುರೋಹಿತರು ಹೂವು ಇಟ್ಟರೆ ಹೂವು ಬಿಡುತ್ತಾನೆ, ನೀರು ಹಾಕಿದರೆ ನೀರು ಬಿಡುತ್ತಾನೆ. ದೇವರಿಗೆ ಒಡವೆ ಅರ್ಪಿಸುವ ಹೊತ್ತು ಬಂದು ಮನೆಯಲ್ಲಿ ಒಡವೆ ಇಲ್ಲದಿದ್ದರೆ ಪುರೋಹಿತರು ಗಾಬರಿಯಾಗುವುದಿಲ್ಲ. "ಆಭರಣಾರ್ಥಂ ಅಕ್ಷತಾನ್ ಸಮರ್ಪಯಾಮಿ" ಎಂದು ನಾಲ್ಕು ಕಾಳು ಅಕ್ಷತೆ ಕೈಗೆ ಹಾಕುತ್ತಾರೆ. ಪೂಜೆ ನಿಲ್ಲದೆ ಮುಂದಕ್ಕೆ ಹೋಗುತ್ತದೆ.

ನನ್ನ ಪ್ರೋಗ್ರಾಮೂ ಮಣೆಯ ಮೇಲೆ ಕೂತಿತ್ತು. ಅದಕ್ಕೆ ಬೇಕಾದದ್ದು ಗಿರಾಕಿಯ ಫೋನ್ ನಂಬರು. ಆ ನಂಬರನ್ನು ಯಾರು ಕೊಡುತ್ತಾರೆ ಎಂಬುದು ಅದಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಯಾರು ಕೊಡಬೇಕೆಂದು ಪಕ್ಕದ ಒಂದು ಪುಟ್ಟ ಫೈಲಿನಲ್ಲಿ ಒಂದೇ ಸಾಲು ಬರೆದಿಟ್ಟಿದ್ದೆ. ಬೈಂಡಿಂಗ್ ಎಂದರೆ ಇಷ್ಟೇ: ಇವರು ಕೇಳಿದರೆ ಅವರು ಕೊಡಲಿ. ಆ ಫೈಲೇ ನಮ್ಮ ಪುರೋಹಿತರು. ಅಸಲಿ ಕೆಲಸಕ್ಕೆ ಆ ಸಾಲಿನಲ್ಲಿ ಗಿರಾಕಿಗಳ ಅಸಲಿ ನಂಬರು ಕೊಡುವವನ ಹೆಸರು. ಪರೀಕ್ಷೆ ಮಾಡುವಾಗ ಮಾತ್ರ ಅಕ್ಷತೆ. ಅಂದರೆ ಯಾವ ಗಿರಾಕಿಯ ನಂಬರು ಕೇಳಿದರೂ ಒಂದೇ ನಂಬರು ಕೊಡುವ ಬದಲಿ ಆಸಾಮಿ. ಪರೀಕ್ಷೆಯ ಹೊತ್ತಿನಲ್ಲಿ ಪಾಪದ ಗಿರಾಕಿಗಳಿಗೆ ಮೆಸೇಜು ಹೋಗಿ ತೊಂದರೆಯಾಗಬಾರದಲ್ಲ.

ಆ ಒಂದೇ ನಂಬರು ಯಾರದ್ದಿರಲಿ ಎಂಬ ಪ್ರಶ್ನೆ ಬಂದಾಗ ಡೈರೆಕ್ಟರು ತಡವಿಲ್ಲದೆ ಹೇಳಿದ್ದ. "ನಮ್ಮಮ್ಮನ ನಂಬರ್ ಹಾಕೇ."

"ಅಮ್ಮಂಗೆ ತೊಂದ್ರೆ ಆಗಲ್ವೇನೋ?"

"ನಮ್ಮಮ್ಮ ಮೆಸೇಜೆಲ್ಲ ನೋಡಲ್ಲ ಕಣೇ. ಹಸಿರು ಗುಂಡಿ, ಕೆಂಪು ಗುಂಡಿ, ಎರಡೇ ಗೊತ್ತಿರೋದು."

ಅಮ್ಮ ಎಂದರೆ ಯಜಮಾನರ ಹೆಂಡತಿ. ಮನೆ ಬಸವೇಶ್ವರನಗರದಲ್ಲಿ. ವರ್ಕ್‌ಶಾಪಿಗೆ ಅವರು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ. ಅದೂ ದೊಡ್ಡ ಪಾತ್ರೆಗಳ ಜೊತೆ ಆಟೋದಲ್ಲಿ.

ನಮ್ಮಲ್ಲಿ ಕಂಪ್ಯೂಟರುಗಳು ಎರಡು. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡವು, ಅವಳಿ ಮಕ್ಕಳ ಹಾಗೆ ಒಂದೇ ಮುಖ. ಎರಡರಲ್ಲೂ ಅದೇ ಪ್ರೋಗ್ರಾಂ. ಆ ಒಂದು ಸಾಲು ಮಾತ್ರ ಬೇರೆ. ಬಾಗಿಲ ಬಳಿಯ ಮೇಜಿನ ಮೇಲಿದ್ದದ್ದು ಅಸಲಿ, ಕಿಟಕಿಯ ಬಳಿಯದು ಅಕ್ಷತೆ. ಗುರುತಿಗೆ ಇರಲೆಂದು ಅಸಲಿಯ ಹಣೆಗೆ ನನ್ನದೇ ಒಂದು ಮೆರೂನ್ ಸ್ಟಿಕರ್ ಬೊಟ್ಟು ಅಂಟಿಸಿದ್ದೆ. ಇಂಥ ಭದ್ರ ವ್ಯವಸ್ಥೆ ಬೇರೆಲ್ಲೂ ಇರಲಾರದೆಂದು ಬೀಗುತ್ತಿದ್ದೆ.

ಆಯುಧಪೂಜೆಗೆ ಮುಂಚೆ ವರ್ಕ್‌ಶಾಪ್ ತೊಳೆಯುವುದನ್ನು ನೋಡಿಯೇ ನಂಬಬೇಕು. ವರ್ಷದ ಜಿಡ್ಡೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ. ಲೇತುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಮಲಗಿಸಿ, ಗೋಡೆಗೆ ಸುಣ್ಣ ಬಳಿದು, ಇಡೀ ಜಾಗ ಮದುವೆಮನೆಯಾಗುತ್ತದೆ. ಆ ವರ್ಷ ಉತ್ಸಾಹ ಉಕ್ಕಿ ಮೆಟ್ಟಿಲು ಹತ್ತಿತು. ನಾವಿಬ್ಬರೂ ಊಟಕ್ಕೆ ಹೋಗಿದ್ದಾಗ ಲೇತ್ ಓಡಿಸುವ ಟರ್ನರುಗಳು ಮೇಲೆ ಬಂದು, ನಮ್ಮ ಕಂಪ್ಯೂಟರುಗಳ ವೈರುಗಳನ್ನೆಲ್ಲ ಬಿಚ್ಚಿ, ಬನಿಯನ್ ವೇಸ್ಟಿನ ಚಿಂದಿಯಲ್ಲಿ ಒಳಗೂ ಹೊರಗೂ ಒರೆಸಿ, ನೆಲ ತೊಳೆದು, ಮತ್ತೆ ಎಲ್ಲವನ್ನೂ ಜೋಡಿಸಿಟ್ಟಿದ್ದರು. ಬಂದು ನೋಡಿದರೆ ಎರಡೂ ಫಳಫಳ. ಒಂದು ವೈರೂ ತಪ್ಪಾಗಿರಲಿಲ್ಲ. ಮೊಬೈಲಿನ ಕೇಬಲ್ಲನ್ನೂ ಬಾಗಿಲ ಬಳಿಯದಕ್ಕೇ ಸಿಕ್ಕಿಸಿದ್ದರು. ನಮಗೆ ಕಣ್ಣು ತುಂಬಿ ಬಂತು. ಥ್ಯಾಂಕ್ಸ್ ಹೇಳಿ ಎಲ್ಲರಿಗೂ ಟೀ ತರಿಸಿದೆವು.

ಆ ಸಂತೋಷದಲ್ಲೇ ಬಾಗಿಲ ಬಳಿಯ ಕಂಪ್ಯೂಟರಿನ ಮುಂದೆ ಕೂತು ಆಹ್ವಾನ ಕಳಿಸಿದೆ. ಪ್ರತಿಯೊಂದಕ್ಕೂ ಆಯಾ ಪಾರ್ಟಿಯ ಹೆಸರು, ಕೆಳಗೆ, "ನಮ್ಮ ವರ್ಕ್‌ಶಾಪಿನ ಆಯುಧಪೂಜೆಗೆ ಕುಟುಂಬ ಸಮೇತ ತಪ್ಪದೆ ಬರಬೇಕು. ನೀವು ಬಂದರೇ ನಮಗೆ ಹಬ್ಬ." ಕನ್ನಡವೇ, ಆದರೆ ಆಗಿನ ಫೋನುಗಳಿಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ. ಪರದೆಯ ಮೇಲೆ ಒಂದೊಂದೇ ಹೆಸರು ಮೂಡಿ ಪಕ್ಕದಲ್ಲಿ "ಹೋಯಿತು" ಎಂದು ಬೀಳುತ್ತಿತ್ತು. ಯಜಮಾನರೂ ಮೇಲೆ ಬಂದು, ಬೆನ್ನ ಹಿಂದೆ ಕೈಕಟ್ಟಿ ನಿಂತು, ಕೊನೆಯ ಹೆಸರಿನವರೆಗೂ ನೋಡಿದರು.

"ಎಲ್ರಿಗೂ ಹೋಯ್ತಾ?"

"ಹೋಯ್ತು ಸಾರ್."

"ಸದ್ದೇ ಆಗ್ಲಿಲ್ವಲ್ಲ" ಎಂದರು.

ಅದಾದ ಮೇಲೆ ಗಿರಾಕಿಗಳ ಕಡೆಯಿಂದಲೂ ಸದ್ದಿಲ್ಲ. ಪ್ರತಿ ವರ್ಷವಾದರೆ ಕರೆದ ಮೇಲೆ ನಾಲ್ಕು ಜನವಾದರೂ "ಬರ್ತೀವಿ ಸಾರ್" ಎಂದು ತಿರುಗಿ ಫೋನು ಮಾಡುತ್ತಿದ್ದರಂತೆ. ಈ ಸಲ ಒಬ್ಬರೂ ಇಲ್ಲ. "ಮೆಸೇಜಿಗೆ ಯಾರು ಫೋನ್ ಮಾಡ್ತಾರಪ್ಪ" ಎಂದು ಮಗ ಸಮಾಧಾನ ಹೇಳಿದ. ಅಗರಬತ್ತಿಯವರು ಮಾತ್ರ ಇನ್ನೆರಡು ಪೆಟ್ಟಿಗೆ ತಂದಿಟ್ಟರು.

ಹಬ್ಬದ ದಿನ ಬೆಳಿಗ್ಗೆ ಪೂಜೆ ಸಾಂಗವಾಗಿ ಆಯಿತು. ಕೆಳಗಿನ ಲೇತುಗಳಿಗೆ ಮುಗಿಸಿ, ಯಜಮಾನರು ಆರತಿ ತಟ್ಟೆ ಹಿಡಿದು ನಮ್ಮ ಮೆಟ್ಟಿಲನ್ನೂ ಹತ್ತಿದರು. ಎರಡೂ ಮಾನಿಟರುಗಳಿಗೆ ಅಡ್ಡಲಾಗಿ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ಮೌಸಿನ ಬಾಲಕ್ಕೂ ಒಂದು ತುಂಡು ಸೇವಂತಿಗೆ. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಆಮೇಲೆ ಎಲ್ಲರಿಗೂ ಗೊತ್ತಿರುವ ಕಟ್ಟಳೆಯನ್ನೇ ಇನ್ನೊಮ್ಮೆ ಹೇಳಿದರು: "ಇನ್ನು ನಾಳೆ ಬೆಳಿಗ್ಗೆವರೆಗೂ ಯಾವ ಮೆಷಿನ್ನೂ ಯಾರೂ ಮುಟ್ಟೋ ಹಾಗಿಲ್ಲ." ಗಿರಾಕಿಗಳು ಬರಬೇಕಾದದ್ದು ಸಂಜೆ. ಕೆಳಗೆ ಕಡ್ಲೆಪುರಿ ಮೂಟೆ, ಅಮ್ಮ ಮನೆಯಿಂದ ತಂದ ಪುಳಿಯೋಗರೆ, ಕೇಸರಿಬಾತು ಸಾಲಾಗಿ ಕಾಯುತ್ತಿದ್ದವು.

ಆಗ ಅಮ್ಮ ಸೆರಗಿನಡಿಯಿಂದ ತಮ್ಮ ಮೊಬೈಲು ತೆಗೆದರು. ಅದರ ಗುಂಡಿಗಳ ಸಂದಿಯಲ್ಲಿ ಅಕ್ಕಿಹಿಟ್ಟು.

"ರೀ, ಇದಕ್ಕೂ ಒಂದು ಆರತಿ ಎತ್ತಿ. ಮೊನ್ನೆಯಿಂದ ಹುಚ್ಚು ಹಿಡಿದಿದೆ ಇದಕ್ಕೆ. ಒಂದೇ ಸಮನೆ ಕುಯ್ಗುಟ್ತಾ ಇತ್ತು. ನಿಮಗೂ ಹೇಳಿದೆ, ಇವನಿಗೂ ಹೇಳಿದೆ. ಒಬ್ರೂ ಕಿವಿಗೆ ಹಾಕ್ಕೊಳ್ಲಿಲ್ಲ. ಕೊನೆಗೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ."

ಮೊನ್ನೆ ಎಂದರೆ ನಾನು ಆಹ್ವಾನ ಕಳಿಸಿದ ದಿನ. "ಕೊಡೀಮ್ಮ ನೋಡ್ತೀನಿ" ಎಂದು ಇಸಿದುಕೊಂಡೆ. ಒಳಗೆ ಮೆಸೇಜು ತುಂಬಿ ತುಳುಕುತ್ತಿತ್ತು. ಇನ್ನು ಜಾಗವಿಲ್ಲ ಎಂದು ಫೋನೇ ಅಂಗಲಾಚುತ್ತಿತ್ತು. ಒಂದು ತೆರೆದೆ. ಪೀಣ್ಯದ ಒಬ್ಬ ಗಿರಾಕಿಯ ಹೆಸರು, ಕುಟುಂಬ ಸಮೇತ ಬರಬೇಕೆಂಬ ಕೋರಿಕೆ. ಇನ್ನೊಂದು ತೆರೆದೆ. ಮಾಗಡಿ ರಸ್ತೆಯ ಗಿರಾಕಿ, ಅದೇ ಕೋರಿಕೆ. ಊರಿನವರಿಗೆಲ್ಲ ಹೋಗಬೇಕಾದ ಕರೆ ಅಮ್ಮನೊಬ್ಬರಿಗೇ ಬಂದು ಬಿದ್ದಿತ್ತು.

"ಏನಂತೆ ಅದು, ಜೋರಾಗಿ ಓದಮ್ಮ" ಎಂದರು ಅಮ್ಮ. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಓದಿದೆ. ನೀವು ಬಂದರೇ ನಮಗೆ ಹಬ್ಬ ಎಂಬಲ್ಲಿಗೆ ಮುಗಿಯಿತು.

"ಇನ್ನೊಂದ್ಸಲ ಓದು."

ನನಗೆ ಆಗ ಅದರ ಪರಿವೆ ಇರಲಿಲ್ಲ. ಬಾಗಿಲ ಬಳಿಯ ಕಂಪ್ಯೂಟರಿನ ಹಣೆಯನ್ನೇ ನೋಡುತ್ತಿದ್ದೆ. ಹಾರದ ಕೆಳಗೆ ವಿಭೂತಿ ಇತ್ತು, ಕುಂಕುಮ ಇತ್ತು, ನನ್ನ ಬೊಟ್ಟು ಇರಲಿಲ್ಲ. "ಇದಕ್ಕೆ ಒಂದು ಬೊಟ್ಟು ಇತ್ತಲ್ಲ?" ಎಂದು ಕೇಳಿದೆ. ಗದಗಿನ ಕಡೆಯ ಹಿರಿಯ ಟರ್ನರು ಹೆಮ್ಮೆಯಿಂದಲೇ ಉತ್ತರಿಸಿದರು. "ಹ್ವಾದ ವರ್ಷದ ಕುಂಕುಮ ಇರ್ಬೇಕಂತ ತಿಕ್ಕಿ ತೆಗದ್ವಿರಿ ಮೇಡಂ. ಕಿಟಕಿ ಕಡೀದು ಜಾಸ್ತಿ ಹೊಳೀತಿತ್ರಿ, ಅದಕ್ಕ ಅದನ್ನ ಬಾಗಲಕ್ಕ ಇಟ್ವಿ. ಬಂದವ್ರಿಗೆ ಚಂದ ಕಾಣ್ಲಿ ಅಂತ."

ಅಕ್ಷತೆ ಬಾಗಿಲಿಗೆ ಬಂದಿತ್ತು. ಅಸಲಿ ಕಿಟಕಿಯ ಬಳಿ ಹಾರ ಹಾಕಿಕೊಂಡು ಕೂತಿತ್ತು. ಬರೀ ಕೇಬಲ್ಲು ಬದಲಿಸಿ ಈಗ ಮತ್ತೆ ಕಳಿಸಿದರೆ ಮುಗಿಯುತ್ತಿತ್ತು; ಇಲ್ಲವೇ ಒಂದು ಸಾಲು ತಿದ್ದಿದರೂ ಸಾಕಿತ್ತು. ನಾನು ಕೈ ಚಾಚಿದೆ. ಯಜಮಾನರು ಕೆಮ್ಮಿದರು. ಆ ಕೆಮ್ಮಿನ ಮುಂದೆ ಕೈ ತಾನಾಗಿ ಹಿಂದೆ ಬಂತು.

"ಅಪ್ಪಾ, ಒಂದೇ ನಿಮಿಷ" ಎಂದ ಮಗ.

"ಪೂಜೆ ಆಗಿದೆ ಕಣೋ. ನಾನೇ ಲೇತ್ ಮುಟ್ಟಲ್ಲ ಇವತ್ತು. ನೀನು ಮುಟ್ತೀಯ?" ಎಂದು ಹೇಳಿ ಅವರು ಅಗರಬತ್ತಿ ಪೆಟ್ಟಿಗೆಗಳ ಕಡೆ ಒಂದು ನೋಟ ಎಸೆದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕೋ ತಿಳಿಯದ ಸಿಟ್ಟು. ತೊಳೆದವರ ತಪ್ಪೇ? ಅವರು ನನ್ನ ಮೆಷಿನ್ನಿಗೂ ಮರ್ಯಾದೆ ಕೊಟ್ಟಿದ್ದರು, ಇಡೀ ಎಸ್ಟೇಟಿನಲ್ಲಿ ಅದನ್ನು ಯಂತ್ರವೆಂದು ಒಪ್ಪಿದವರು ಅವರೇ ಮೊದಲು. ಕೈಯಲ್ಲಿದ್ದ ಫೋನು ಮತ್ತೊಮ್ಮೆ ಕುಯ್ಗುಟ್ಟಿತು. ಆಗ ಹೊಳೆಯಿತು. ಅದಕ್ಕೆ ಇನ್ನೂ ಆರತಿ ಆಗಿರಲಿಲ್ಲ.

"ಸಾರ್, ಇದನ್ನ ಮುಟ್ಟಬಹುದಲ್ವಾ?"

ಯಜಮಾನರು ಯೋಚಿಸಿದರು. ಕಟ್ಟಳೆಯಲ್ಲಿ ಅದಕ್ಕೆ ಅಡ್ಡಿ ಕಾಣಲಿಲ್ಲ. "ಮುಟ್ಟಬಹುದು" ಎಂದರು.

ಎಲ್ಲ ಆಹ್ವಾನಗಳೂ ಹೆಸರಿನ ಸಮೇತ ಆ ಫೋನಿನಲ್ಲೇ ಇದ್ದವು. ಒಂದೊಂದನ್ನೂ ಅಲ್ಲಿಂದ ಮುಂದಕ್ಕೆ ಕಳಿಸಿದರಾಯಿತು. ಇಲ್ಲದಿದ್ದದ್ದು ನಂಬರು ಮಾತ್ರ. ನಂಬರುಗಳೆಲ್ಲ ಹಾರ ಹಾಕಿಕೊಂಡ ಕಂಪ್ಯೂಟರಿನ ಹೊಟ್ಟೆಯಲ್ಲಿ. ನಾನು ಸುಮ್ಮನೆ ಮೊದಲ ಹೆಸರು ಓದಿದೆ. ಯಜಮಾನರು ಆರತಿ ತಟ್ಟೆ ಹಿಡಿದುಕೊಂಡೇ ಅವರ ನಂಬರನ್ನು ಗಡಗಡ ಹೇಳಿಬಿಟ್ಟರು. ವರ್ಷಾನುಗಟ್ಟಲೆ ಬೆರಳಿನಿಂದ ಒತ್ತಿ ಒತ್ತಿ ಅವರಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಎರಡನೆಯ ಹೆಸರು ಓದಿದೆ, ಎರಡನೆಯ ನಂಬರು ಬಂತು. ಆಮೇಲೆ ನಾವಿಬ್ಬರೂ ನಿಲ್ಲಲಿಲ್ಲ. ಒಂದು ಕಳಿಸಿ ಅಳಿಸಿದರೆ, ಹೊರಗೆ ಕಾಯುತ್ತಿದ್ದ ಇನ್ನೊಂದು ಮೆಸೇಜು ಒಳಗೆ ಬಂದು ಕೂರುತ್ತಿತ್ತು. ಹೆಸರು, ನಂಬರು, ಹೋಯಿತು. ಹೆಸರು, ನಂಬರು, ಹೋಯಿತು. ನಂಬರು ಯಾರು ಕೊಡಲಿ ಎಂಬ ಆ ಒಂದು ಸಾಲಿನಲ್ಲಿ ಹಿಂದೆ ಅಸಲಿ ಇತ್ತು, ಆಮೇಲೆ ಅಕ್ಷತೆ ಇತ್ತು, ಈಗ ಯಜಮಾನರೇ ಬಂದು ಕೂತಿದ್ದರು. ಅವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ನನಗೆ ನಗು ಒತ್ತಿ ಬಂದು ಹೊಟ್ಟೆ ಹಿಡಿದುಕೊಂಡೇ ಗುಂಡಿ ಒತ್ತಿದೆ.

ಸಂಜೆಗೆ ಜನ ಬಂದರು. ಬಂದರು ಎಂದರೆ, ಜಾತ್ರೆಯೇ ನೆರೆಯಿತು. ಹಿಂದಿನ ವರ್ಷಗಳಲ್ಲಿ ಯಜಮಾನರು ಫೋನು ಮಾಡಿದಾಗ ಗಂಡಸರು ಒಬ್ಬೊಬ್ಬರೇ ಬಂದು, ನಿಂತಲ್ಲೇ ಪ್ರಸಾದ ತೆಗೆದುಕೊಂಡು ಸ್ಕೂಟರು ಹತ್ತುತ್ತಿದ್ದರಂತೆ. ಈ ಸಲ ಮೆಸೇಜು ಬಂದದ್ದು ಅಮ್ಮನ ನಂಬರಿನಿಂದ. ಯಾರ ನಂಬರು ಎಂದು ವಿಚಾರಿಸಲು ತಿರುಗಿ ಫೋನು ಮಾಡಿದವರಿಗೆ ಹಸಿರು ಗುಂಡಿ ಒತ್ತಿ ಅಮ್ಮನೇ, "ನಾನು ಅವರ ಮನೆಯವರು, ಎಲ್ರನ್ನೂ ಕರ್ಕೊಂಡು ಬನ್ನಿ" ಎಂದಿದ್ದರು. ಮನೆಯ ಹೆಂಗಸು ಕರೆದ ಮೇಲೆ ಮನೆಯವರನ್ನು ಬಿಟ್ಟು ಬರುವುದುಂಟೇ? ವಿಜಯನಗರದಿಂದ, ಪೀಣ್ಯದಿಂದ, ಮಾಗಡಿ ರಸ್ತೆಯಿಂದ ಹೆಂಡತಿ ಮಕ್ಕಳು ಅತ್ತೆಯರೊಂದಿಗೆ ಇಳಿದರು. ರೇಷ್ಮೆ ಸೀರೆಗಳು ಲೇತುಗಳ ನಡುವೆ ಸರಭರ ಓಡಾಡಿದವು. ಅಮ್ಮ ಅರಿಶಿನ ಕುಂಕುಮ ಕೊಟ್ಟೂ ಕೊಟ್ಟೂ ಸುಸ್ತಾದರು. ಪುಳಿಯೋಗರೆ ಮುಗಿದು ಕಡ್ಲೆಪುರಿಯ ಮೂಟೆಯ ತಳ ಕೊಡವಿದೆವು.

ಎಲ್ಲರೂ ಹೋದ ಮೇಲೆ ಯಜಮಾನರು ಸ್ಟೂಲಿನ ಮೇಲೆ ಕೂತರು. ನ್ಯಾಯ ತೀರ್ಮಾನ ಇನ್ನೂ ಬಾಕಿಯಿತ್ತು.

"ಜನ ಬಂದ್ರು, ಸರಿ. ಆದರೆ ಕರೆದಿದ್ದು ನಿಮ್ಮ ಕಂಪ್ಯೂಟರ್ ಅಲ್ವಲ್ಲ. ನನ್ನ ಬಾಯಿ, ಇವಳ ಫೋನು" ಎಂದರು.

ಮಾತು ನಿಜವಾಗಿತ್ತು. "ಹೌದು ಸಾರ್" ಎಂದೆ. ಮಗ ನೆಲ ನೋಡುತ್ತಿದ್ದ. ಪಾತ್ರೆ ಜೋಡಿಸುತ್ತಿದ್ದ ಅಮ್ಮ ತಲೆಯೆತ್ತಿದರು. ವರ್ಕ್‌ಶಾಪಿನ ವಿಷಯದಲ್ಲಿ ಅವರು ಬಾಯಿ ಹಾಕಿದ್ದನ್ನು ನಾನು ಕಂಡಿರಲಿಲ್ಲ, ಅವರ ಮಗನೂ ಕಂಡಿರಲಿಲ್ಲವಂತೆ.

"ನಿಮ್ಮ ಪಾರ್ಟಿಗಳನ್ನ ಅದು ಕರೀಲಿಲ್ಲ, ಇರಬಹುದು. ನನ್ನ ಕರೀತಲ್ಲ. ಮದುವೆ ಆಗಿ ಬಂದಾಗಿಂದ ಈ ಪೂಜೆಗೆ ಪುಳಿಯೋಗರೆ ಕಲಸ್ತಾ ಇದೀನಿ. ಅಷ್ಟು ವರ್ಷದಲ್ಲಿ ನೀನೂ ಬಾ ಅಂತ ಒಬ್ರೂ ಅಂದಿರ್ಲಿಲ್ಲ. ಆ ಕಂಪ್ಯೂಟರ್ ಡಬ್ಬ ಅಂತು. ಒಂದ್ಸಲ ಅಲ್ಲ, ಸಾಕು ಸಾಕು ಅನ್ನೋಷ್ಟು ಸಲ ಅಂತು. ಅದಕ್ಕೇ ನಾನೂ ಎಲ್ರನ್ನೂ ಕರೆದೆ. ಬಂದ್ರೆ ರೂಮು ಅವರದು ಅಂದಿದ್ರಿ. ಬಂದ್ರು."

ಯಜಮಾನರು ಒಮ್ಮೆ ಹೆಂಡತಿಯ ಕಡೆ ನೋಡಿದರು. ಆಮೇಲೆ ಎದ್ದು, ಮೆಟ್ಟಿಲು ಹತ್ತಿ, ಒಂದು ಅಗರಬತ್ತಿ ಪೆಟ್ಟಿಗೆಯನ್ನು ತಾವೇ ಹೆಗಲ ಮೇಲೆ ಹೊತ್ತು ಕೆಳಗೆ ತಂದರು. ಉಳಿದವುಗಳನ್ನು ಮಗ ತಂದ.

ಆಟೋ ಹತ್ತುವ ಮುಂಚೆ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಮುಂದಿನ ವರ್ಷ ಸರಿ ಮಾಡ್ಕೊಂಡ್ಮೇಲೆ, ಎಲ್ರಿಗೂ ಅವರವರ ಮೆಸೇಜು ಹೋಗುತ್ತಲ್ವಾ?"

"ಹೋಗುತ್ತೆ ಅಮ್ಮ. ನಿಮಗೆ ಇನ್ನು ತೊಂದ್ರೆ ಆಗಲ್ಲ."

"ತೊಂದ್ರೆ ಏನಿಲ್ಲ. ನಂಗೂ ಒಂದು ಬರೋ ಹಾಗೆ ಇಡಮ್ಮ. ಅಷ್ಟೊಂದು ಬೇಡ. ಒಂದು ಸಾಕು."

ಮಾರನೆಯ ದಿನ ವಿಜಯದಶಮಿ. ಹಾರ ತೆಗೆದು ಕಂಪ್ಯೂಟರು ಮುಟ್ಟಿದ್ದೇ, ಹಳೆಯ ಸಾಲಿನ ಕೆಳಗೆ ಅಮ್ಮನಿಗೆಂದು ಇನ್ನೊಂದು ಸಾಲು ಬರೆದೆ. ಅವರೇ ಓದಿಕೊಳ್ಳುವಂತೆ ಕನ್ನಡ ಅಕ್ಷರದಲ್ಲೇ ಮೆಸೇಜು ಹೋಗುವ ದಾರಿ ಹುಡುಕುವುದಕ್ಕೆ ನನಗೆ ಒಂದು ವರ್ಷ ಸಮಯವಿತ್ತು.

ಮುಂದಿನ ಆಯುಧಪೂಜೆಯ ಬೆಳಿಗ್ಗೆ ಆಟೋ ಬಂದು ಗೇಟಿನ ಬಳಿ ನಿಂತಿತು. ಪಾತ್ರೆಗಳನ್ನು ಇಳಿಸಲು ನಾವೆಲ್ಲ ಓಡಿದೆವು. ಅಮ್ಮ ಮೊದಲು ಪಾತ್ರೆ ಕೊಡಲಿಲ್ಲ. ಸೆರಗಿನಡಿಯಿಂದ ಫೋನು ತೆಗೆದು, ಗೇಟಿನಲ್ಲಿ ನಿಂತಿದ್ದ ಯಜಮಾನರ ಕಣ್ಣ ಮುಂದೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿದರು. ಓದಿ ಮುಗಿಸಿ, "ಕರೆದಿದ್ರಲ್ಲ, ಬಂದೆ" ಎಂದರು.